ಕಾಗೆಕಲ್ಲಿನ ದೀಪ ಬಿಟ್ಟು ಬಂದ ಹುಚ್ಚೀರಪ್ಪ

ಹುಲಿಗಿಯ ಹುಚ್ಚೀರಪ್ಪ ಸಮುದ್ರದ ನಡುವೆ ವರ್ಷಾನುಗಟ್ಟಲೆ ದೀಪ ಕಾದು ಬಂದವನು ಎಂದರೆ ಊರಲ್ಲಿ ನಂಬುವವರೇ ಕಡಿಮೆ. ‘ದೀಪದ ಕಂಬ’ ಅಂದರೆ ಅವರಿಗೆ ಗೊತ್ತಿದ್ದದ್ದು ಗುಡಿಯ ಮುಂದಿನ ದೀಪಮಾಲೆ ಕಂಬ. ಅದಕ್ಕೆ ಎಣ್ಣೆ ಹಾಕಲು ಸರ್ಕಾರ ಪಗಾರ ಕೊಡುತ್ತದೆಯೇ?

“ಹುಲಿಗೆಮ್ಮನ ಗುಡ್ಯಾಗ ನಾವೂ ದೀಪ ಹಚ್ಚತೀವಿ. ನಮಗ ಯಾವ ಸರ್ಕಾರ ಪಗಾರ ಕೊಟ್ಟೈತೆಪಾ?” ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ಅವನು ಮೊದಮೊದಲು ಬಿಡಿಸಿ ಹೇಳುತ್ತಿದ್ದ. ಆಮೇಲೆ ಬೈಯತೊಡಗಿದ. ಕೊನೆಗೆ ಎದ್ದು ಹೋಗುವುದನ್ನು ಕಲಿತ.

ಅವನು ಹುಟ್ಟಿದ್ದು ಹೊಳೆಯ ದಂಡೆಯಲ್ಲಿ, ಬೆಳೆದದ್ದು ಹರಿಗೋಲಿನಲ್ಲಿ. ದೇವಿಗೆ ನಡೆದುಕೊಳ್ಳಲು ಹೊಸಪೇಟೆ ಕಡೆಯಿಂದ ಬರುವ ಜನರನ್ನು ತುಂಗಭದ್ರೆ ದಾಟಿಸುವುದು ಮನೆತನದ ಕೆಲಸ. ಆದರೆ ಮನೆಯಲ್ಲಿ ಅಣ್ಣತಮ್ಮಂದಿರು ನಾಲ್ವರು, ಹರಿಗೋಲು ಒಂದೇ. ಹುಟ್ಟು ಹಾಕುವ ಪಾಳಿ ಯಾರದೆಂದು ದಿನಾ ಬೆಳಿಗ್ಗೆ ಜಗಳ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವನಿಗೆ ಅದು ಸಾಕಾಗಿ ಹೋಗಿತ್ತು. ಹಾಗಿರುವಾಗ, ಸಾವಿರದ ಒಂಬೈನೂರ ಮೂವತ್ನಾಲ್ಕರ ಬೇಸಿಗೆಯಲ್ಲಿ, ಗಂಗಾವತಿಯ ಗೆಳೆಯ ಅಮೀನಸಾಬ ಊರಿಗೆ ಬಂದ. ಅವನು ಕಾರವಾರದ ಕೆಳಗಿನ ದಂಡೆಯಲ್ಲಿ ದೀಪದ ಇಲಾಖೆಯ ಖಲಾಸಿಯಾಗಿ ಸೇರಿಕೊಂಡಿದ್ದ.

“ಇನ್ನೊಬ್ಬ ಮನಷ್ಯಾ ಬೇಕಾಗ್ಯಾನ. ನೀರಿಗೆ ಅಂಜಬಾರದು, ಮೆಟ್ಟಲಾ ಹತ್ತಾಕ ಬ್ಯಾಸರಾ ಮಾಡಬಾರದು. ಬರ್ತೀ ಏನು?” ಎಂದ ಅಮೀನಸಾಬ.

“ಹೊಳಿಗಿಂತ ಎಷ್ಟ್ ದೊಡ್ಡದೋ ಆ ಸಮುದ್ರ?”

“ಬಂದು ನೋಡೋ ಮಾರಾಯಾ. ಹೇಳಿದ್ರ ತಿಳಿಯಾಂಗಿಲ್ಲ.”

ಹುಚ್ಚೀರಪ್ಪ ಹೆಂಡತಿ ಪಕ್ಕೀರವ್ವನನ್ನು ಊರಲ್ಲೇ ಬಿಟ್ಟು ಕೊಪ್ಪಳದಲ್ಲಿ ರೈಲು ಹತ್ತಿದ.

ಕಾಗೆಕಲ್ಲು ದಂಡೆಯಿಂದ ಒಂದು ಹರದಾರಿ ಒಳಗಿದ್ದ ಬೋಳು ನಡುಗಡ್ಡೆ. ಅದರ ನೆತ್ತಿಯ ಮೇಲೆ ಬಿಳಿ ಸುಣ್ಣದ ದೀಪಸ್ತಂಭ. ತುದಿಯಲ್ಲಿ ಆಳೆತ್ತರದ ಗಾಜಿನ ಗೂಡು, ಪಾದರಸದ ತೊಟ್ಟಿಯ ಮೇಲೆ ತೇಲುತ್ತ ತಿರುಗುವಂಥದ್ದು. ಒಳಗೆ ಸೀಮೆಎಣ್ಣೆಯ ದೀಪ. ಗಡಿಯಾರಕ್ಕೆ ಕೊಟ್ಟಂತೆ ಕೀಲಿ ಕೊಟ್ಟರೆ ಭಾರದ ಗುಂಡು ನಿಧಾನಕ್ಕೆ ಇಳಿಯುತ್ತ ಗೂಡನ್ನು ತಿರುಗಿಸುತ್ತಿತ್ತು. ಹಗಲು ಹೊತ್ತು ಗಾಜಿಗೆ ಪರದೆ ಕಟ್ಟಬೇಕು. ಮರೆತರೆ ಸೂರ್ಯನ ಬಿಸಿಲನ್ನೇ ಅದು ಒಂದೆಡೆ ಕೂಡಿಸಿ ಒಳಗೆ ಬೆಂಕಿ ಹಚ್ಚಿಬಿಡುತ್ತದೆ. ಇದನ್ನು ಕೇಳಿದ ದಿನ ಹುಚ್ಚೀರಪ್ಪ ಆ ಗಾಜಿಗೆ ಕೈಮುಗಿದ.

ಮೇಲಧಿಕಾರಿ ಪಿಂಟೋ ಗೋವೆಯ ಕಡೆಯ ಒಣಕಲು ಮನುಷ್ಯ. ಕೆಲಸದಲ್ಲಿ ಬಿಗಿ, ಮಾತಿನಲ್ಲಿ ಸಡಿಲ. ಎಣ್ಣೆ ಡಬ್ಬಿ ಹೊತ್ತು ಮೇಲೆ ಬಂದವನನ್ನು ಕೂರಿಸಿಕೊಂಡು ಲೋಕದ ದೀಪಸ್ತಂಭಗಳ ಕಥೆ ಹೇಳುತ್ತಿದ್ದ. ಈಜಿಪ್ತಿನಲ್ಲಿ ರಾಜರು ಕಟ್ಟಿಸಿದ್ದು ಸಾವಿರ ವರ್ಷಕ್ಕೂ ಮಿಕ್ಕಿ ನಿಂತು ಭೂಕಂಪಕ್ಕೆ ಬಿದ್ದದ್ದು. ಇಂಗ್ಲೆಂಡಿನ ಬಳಿ ಒಂದು ಬಂಡೆಯ ಮೇಲೆ ಒಬ್ಬ ಹಟಮಾರಿ ಮರದ ಸ್ತಂಭ ಕಟ್ಟಿ, ಎಂಥ ಬಿರುಗಾಳಿ ಬಂದರೂ ತಾನು ಅದರೊಳಗೇ ಇರಬೇಕೆಂದು ಬಯಸಿದ್ದು, ಬಿರುಗಾಳಿ ಬಂದು ಬೆಳಗಾಗುವುದರೊಳಗೆ ಸ್ತಂಭವೂ ಇಲ್ಲ, ಅವನೂ ಇಲ್ಲ ಎಂಬಂತಾದದ್ದು.

“ಮತ್ತ ಆಮ್ಯಾಲೆ ಅವ್ರು ಏನ್ ಮಾಡಿದ್ರು ಸಾಹೇಬ್ರ?” ಎಂದು ಹುಚ್ಚೀರಪ್ಪ ಕೇಳಿದ್ದ.

“ಮತ್ತೆ ಕಟ್ಟಿದರು. ಅದು ಸುಟ್ಟುಹೋಯಿತು. ಮತ್ತೆ ಕಟ್ಟಿದರು. ದೀಪ ಅಂದಮೇಲೆ ಉರಿಯಲೇಬೇಕು ಹುಚ್ಚೀರಪ್ಪ.”

ಈ ಮಾತನ್ನು ಹೇಳಿದ ಬಾಯಿಯೇ ಎರಡನೇ ಮಹಾಯುದ್ಧದ ನಡುವೆ, ಜಪಾನಿನವರು ಪೂರ್ವದ ಕಡಲಿಗೆ ಬಂದರೆಂಬ ಸುದ್ದಿಯ ಹಿಂದೆಯೇ, ಬೇರೆ ಮಾತು ಹೇಳಿತು. ಇನ್ನು ಮೇಲೆ ದೀಪ ಹಚ್ಚುವಂತಿಲ್ಲ. ಶತ್ರುವಿನ ಹಡಗಿಗೂ ಅದೇ ದಾರಿ ತೋರಿಸುತ್ತದಲ್ಲ. ನಮ್ಮ ಯುದ್ಧದ ಹಡಗು ಹಾಯುವುದಿದ್ದರೆ ದಂಡೆಯ ಗುಡ್ಡದ ಠಾಣೆಯವರು ದೀಪ ಮಿಣುಕಿಸಿ ತಿಳಿಸುತ್ತಾರೆ. ಆಗ ಹಚ್ಚಬೇಕು, ಹಡಗು ದಾಟಿದ ಕೂಡಲೇ ಆರಿಸಬೇಕು.

ಕೆಲಸ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಬೆಳಿಗ್ಗೆ ಗಾಜು ಒರೆಸು, ಹಿತ್ತಾಳೆ ತಿಕ್ಕು, ಎಣ್ಣೆ ತುಂಬು, ಬತ್ತಿ ನೋಡು. ಸಂಜೆ ಮೇಲೆ ಹತ್ತಿ ಕತ್ತಲಲ್ಲಿ ಕೂರು. ಉರಿಯದ ದೀಪದ ಮಸಿ ಒರೆಸುವುದು ಎಂಥ ಕೆಲಸವೆಂದು ಹುಚ್ಚೀರಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಡುಗೆ ಮಾಡಿ ಉಣ್ಣಬೇಡವೆಂದಂತೆ. ಅಮೀನಸಾಬ “ಪಗಾರ ಬರ್ತೈತಿಲ್ಲೋ, ಸುಮ್ಕ ಕುಂದ್ರು” ಎಂದರೆ ಅವನ ಮೇಲೂ ಹಾಯುತ್ತಿದ್ದ. ದಂಡೆಯ ಮೀನುಗಾರರು ಆ ದೀಪ ನೋಡಿ ಮನೆಗೆ ಬರುತ್ತಿದ್ದವರು. ಈಗ ದೋಣಿಯಿಂದಲೇ ಕೂಗಿ ಬೈದು ಹೋಗುತ್ತಿದ್ದರು. ಬೈಗುಳ ಕೇಳಿಸಿಕೊಳ್ಳಲು ಬಾಗಿಲಲ್ಲಿ ನಿಲ್ಲುವವನು ಹುಚ್ಚೀರಪ್ಪನೇ.

ಆ ದಂಡೆಯಲ್ಲಿ ಅವನಿಗೆ ತನ್ನವನು ಎಂದು ಇದ್ದವನು ಪಾಂಡು ಹರಿಕಂತ್ರ. ನಡುಗಡ್ಡೆಗೆ ವಾರವಾರ ನೀರು, ಅಕ್ಕಿ ತರುವ ದೋಣಿಯವನು. ಹುಚ್ಚೀರಪ್ಪನಿಗೆ ಮೀನು ತಿನ್ನಲು ಕಲಿಸಿದವನು, ಅವನ ಹರಿಗೋಲಿನ ಕಥೆಗೆ ಹೊಟ್ಟೆ ಹಿಡಿದು ನಕ್ಕವನು. “ಬುಟ್ಟಿಯಲ್ಲಿ ಕೂತು ಹೊಳೆ ದಾಟ್ತೀರಾ? ಮಾವಿನಹಣ್ಣೇನೋ ನೀವು?” ಎಂದು ಪ್ರತಿ ಸಲ ಕೇಳುತ್ತಿದ್ದ.

ಸಾವಿರದ ಒಂಬೈನೂರ ನಲವತ್ಮೂರರ ಮೇ ತಿಂಗಳ ಕೊನೆ. ಮಳೆಗಾಲ ಶುರುವಾದರೆ ದೋಣಿ ಬರುವುದಿಲ್ಲವೆಂದು ಪಾಂಡು ಕೊನೆಯ ಸಾಮಾನು ಹೇರಿಕೊಂಡು ಒಬ್ಬನೇ ಹೊರಟಿದ್ದ. ಅರ್ಧ ದಾರಿಗೆ ಬರುವಷ್ಟರಲ್ಲಿ ಪಡುವಣದಿಂದ ಮೋಡ ಎದ್ದಿತು. ಹೊತ್ತು ಮುಳುಗುವ ಮೊದಲೇ ಕತ್ತಲು ಕವಿದು, ಗಾಳಿ ಒಮ್ಮೆಲೇ ಬೀಸಿತು. ಮೇಲಿನ ಕಟಾಂಜನದಲ್ಲಿ ನಿಂತಿದ್ದ ಹುಚ್ಚೀರಪ್ಪನಿಗೆ ಹಾಯಿ ಒಂದು ಸಲ ಕಂಡಿತು. ಇಳಿದಾಣದ ಕಡೆಗಲ್ಲ, ಬಡಗಣ ಬಂಡೆಗಳ ಕಡೆಗೆ ವಾಲುತ್ತಿತ್ತು.

ಅವನು ಒಳಗೆ ನುಗ್ಗಿದ. “ಸಾಹೇಬ್ರ, ಪಾಂಡೂಗ ದಾರಿ ತಪ್ಪೇತ್ರಿ. ದೀಪಾ ಹಚ್ಚೂಣ್ರಿ.”

ಪಿಂಟೋ ಕಿಟಕಿಯ ಬಳಿ ಬಂದು ನೋಡಿದ. ಅವನ ಮುಖ ಬಿಳಿಚಿತು. “ಆರ್ಡರ್ ಇಲ್ಲ.”

“ಒಂದ್ ಚಣಾ ಸಾಕ್ರಿ. ಬಂಡೆಗಲ್ಲ ಕಂಡ್ರ ಅಂವಾ ತಿರುಗಿಸ್ಕೊಂತಾನ.”

“ಹೊರಗೆ ಸಮುದ್ರದಲ್ಲಿ ಏನಿದೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀರಿನ ಕೆಳಗಿನ ಹಡಗು ಕಾದು ಕೂತಿದ್ದರೆ? ನಾನು ಹಚ್ಚೋದಿಲ್ಲ. ನೀನೂ ಹಚ್ಚಬಾರದು.”

“ಅಂವಾ ನಮಗ ಅಕ್ಕಿ ತರಾಕ ಹತ್ಯಾನ್ರಿ!”

ಪಿಂಟೋ ದೀಪದ ಮುಂದೆ ಕೈ ಅಡ್ಡ ಹಿಡಿದು ನಿಂತ. ಆ ಮುದುಕನನ್ನು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಹುಚ್ಚೀರಪ್ಪ ಎತ್ತಲಿಲ್ಲ. ಯಾಕೆ ಎತ್ತಲಿಲ್ಲವೆಂದು ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಕೇಳಿಕೊಂಡನೋ. ಕೈಲಾಂದ್ರ ಹಿಡಿದು ಅಮೀನಸಾಬನೊಡನೆ ಬಂಡೆಗಳ ಕಡೆಗೆ ಓಡಿದ. ಗಾಳಿ ಲಾಂದ್ರವನ್ನು ಎರಡು ಹೆಜ್ಜೆಗೂ ಉಳಿಸಲಿಲ್ಲ. ಮರ ಸೀಳಿದ ಸದ್ದು, ಒಂದು ಕೂಗು. ಅಷ್ಟೇ. ಇವರಿಬ್ಬರೂ ಗಂಟಲು ಹರಿಯುವ ಹಾಗೆ ಕೂಗಿದರು. ತೆರೆಯ ಸಪ್ಪಳ ಬಿಟ್ಟರೆ ಉತ್ತರವಿಲ್ಲ.

ಒದ್ದೆಯಾಗಿ ಹಿಂತಿರುಗಿ ಮೆಟ್ಟಿಲು ಹತ್ತುವಾಗ ಪಿಂಟೋ ಮೇಲಿನಿಂದ ಕೂಗಿದ: “ಠಾಣೆಯಿಂದ ಸಿಗ್ನಲ್ ಬಂತು! ಯುದ್ಧದ ಹಡಗು, ಡೆಸ್ಟ್ರಾಯರ್ ಹಾಯ್ತದೆ. ದೀಪ ಹಚ್ಚು, ಬೇಗ!”

ಹುಚ್ಚೀರಪ್ಪ ಹಚ್ಚಿದ. ಕೀಲಿ ಕೊಟ್ಟ. ಬೆಳಕಿನ ತೋಳು ಎದ್ದು, ಬಡಗಣ ಬಂಡೆಗಳ ಮೇಲೆ ಹಾದು, ನೀರನ್ನು ತಡವಿ, ಮತ್ತೆ ಬಂತು. ಸ್ವಲ್ಪ ಹೊತ್ತಿನಲ್ಲಿ ಹಡಗು ಬಂತು. ಮೈಮೇಲೆ ಒಂದು ದೀಪವಿಲ್ಲ. ತೆಳ್ಳಗೆ, ಉದ್ದಕ್ಕೆ, ಬೇಟೆನಾಯಿಯ ಹಾಗೆ ತಗ್ಗಾಗಿ ನೀರು ಸೀಳಿಕೊಂಡು ಬಂದು, ಬಂಡೆಗಳ ಆಚೆ ಒಂದಿಷ್ಟು ವೇಗ ತಗ್ಗಿಸಿ, ಮತ್ತೆ ತೆಂಕಣಕ್ಕೆ ಮರೆಯಾಯಿತು. ಪಿಂಟೋ “ಆರಿಸು” ಎಂದ. ಆರಿಸಿದ.

ಮರುದಿನ ಬಂಡೆಗಳಿಗೆ ಸಿಕ್ಕಿಕೊಂಡಿದ್ದ ಹಲಗೆಗಳು ಸಿಕ್ಕವು, ಹಾಯಿಯ ಚೂರು ಸಿಕ್ಕಿತು. ಪಾಂಡು ಸಿಗಲಿಲ್ಲ. ಗಾಳಿ ಇಳಿದ ಮೇಲೆ ಅವನ ಹೆಂಡತಿ ಬೇರೆ ದೋಣಿಯಲ್ಲಿ ಬಂದಳು. ತಲೆಯೆತ್ತಿ ದೀಪಸ್ತಂಭವನ್ನು ನೋಡುತ್ತ ನಿಂತಳು, ಹಲಗೆಗಳನ್ನು ಒಯ್ದಳು.

ಅದೇ ದೋಣಿಯಲ್ಲಿ ಹುಚ್ಚೀರಪ್ಪನೂ ಹೊರಟ.

“ಎಲ್ಲಿಗೆ ಹೊಂಟೀಯೋ?” ಎಂದು ಅಮೀನಸಾಬ ತೋಳು ಹಿಡಿದ.

“ಊರಿಗೆ. ಮನಷ್ಯಾನ ಕೊಂದು ಹಡಗ ಉಳಿಸೋ ದೀಪಾ ನನಗ ಬ್ಯಾಡ.” ಪಿಂಟೋನ ಮುಖಕ್ಕೆ ಹೇಳಬೇಕೆಂದು ಕಟ್ಟಿಕೊಂಡ ಮಾತು ಅದು. ಪಿಂಟೋ ಬಾಗಿಲಲ್ಲೇ ನಿಂತಿದ್ದ.

ಹುಲಿಗಿಗೆ ಬಂದ ಮೇಲೆ ಆ ಸಿಟ್ಟೇ ಅವನ ಊಟ, ಅದೇ ಹಾಸಿಗೆ. ಅಣ್ಣತಮ್ಮಂದಿರು ಹರಿಗೋಲಿನಲ್ಲಿ ಅವನಿಗೆ ಪಾಳಿ ಉಳಿಸಿರಲಿಲ್ಲ. ಕಾರಟಗಿಯ ಕಡೆ ಭತ್ತ ಕೊಯ್ಯಲು ಹೋದ, ಮೇಸ್ತ್ರಿಯೊಂದಿಗೆ ಜಗಳವಾಡಿ ಬಂದ. ಮುನಿರಾಬಾದಿನಲ್ಲಿ ಹೊಳೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾದಾಗ ಕಲ್ಲು ಹೊರಲು ಸೇರಿದ. ಅಲ್ಲಿ ಯಾರಾದರೂ “ಹೋಗ್ಲಿ ಬಿಡಪಾ” ಎಂದರೆ ಸಾಕು, ಪಿಂಟೋನ ‘ಆರ್ಡರ್ ಇಲ್ಲ’ ಎಂಬ ಮಾತು ನೆನಪಾಗಿ ಹಲ್ಲು ಕಡಿಯುತ್ತಿದ್ದ. ಪಕ್ಕೀರವ್ವ ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: “ಒಂಬತ್ತು ವರ್ಸ ನೀವು ಇಲ್ಲದ ಬಾಳೇವ್ ಮಾಡಿದೆ. ಈಗ ಬಂದೀರಿ ಅಂದ್ರ, ಬಂದಾರ ಬಂದೀರೇನು? ಆ ಪಿಂಟೋನ ಜೋಡಿ ಅದೀರೋ, ನನ್ನ ಜೋಡಿ ಅದೀರೋ?”

ಅವನು ಎದ್ದು ಹೊಳೆಯ ಕಡೆ ನಡೆದ.

ಯುದ್ಧ ಮುಗಿದ ಮರುವರ್ಷ ಅಮೀನಸಾಬ ತಂಗಿ ಗೌಸಬೀಯ ಮದುವೆಗೆಂದು ಗಂಗಾವತಿಗೆ ಬಂದವನು, ಗೆಳೆಯನನ್ನು ಹುಡುಕಿಕೊಂಡು ಹುಲಿಗಿಗೂ ಬಂದ. ಅಂಗಳದಲ್ಲಿ ಕೂತು ನೀರು ಕುಡಿದು, ಬಾಯಿ ಒರೆಸಿಕೊಂಡು ಹೇಳಿದ: “ಪಾಂಡು ನಿನ್ನ ಭಾಳ ಕೇಳ್ಯಾನ.”

ಹುಚ್ಚೀರಪ್ಪ ಅವನನ್ನೇ ನೋಡಿದ. “ಯಾವ ಪಾಂಡು?”

“ನಮ್ಮ ಪಾಂಡೂನೋ. ಸತ್ತಿಲ್ಲ ಅಂವಾ. ಹಲಗಿ ಹಿಡಕೊಂಡು ತೇಲಾಕ ಹತ್ತಿದ್ನಂತ. ನೀ ದೀಪಾ ಹಚ್ಚಿದ್ಯಲ್ಲ, ಆ ಬೆಳಕಿನ್ಯಾಗ ಡಿಸ್ಟ್ರಾಯರಿನ ಮಂದೀಗೆ ಕಂಡಾನ. ಹಗ್ಗಾ ಒಗದು ಎಳಕೊಂಡಾರ. ಯುದ್ಧದ ಹಡಗಲ್ಲನ? ಇವನ್ನ ಇಳಸಾಕ ತಿರುಗಿ ಬರಂಗಿಲ್ಲ. ಸೀದಾ ಕೊಲಂಬೋಕ್ಕ ಒಯ್ದಾರ. ಕಾಲು ಮುರದಿತ್ತು, ದವಾಖಾನ್ಯಾಗ ಇಟ್ಟಾರ. ಇಲ್ಲಿ ಮನ್ಯಾಗ ಸತ್ತಾನಂತ ದಿನಾ ಮಾಡಿ ಮುಗಿಸಿದ್ರು. ಆ ವರ್ಸದ ಚೌತಿ ಮುಂದ ಕುಂಟಕೊಂತ ಬಂದು ಬಾಗಿಲದಾಗ ನಿಂತ ನೋಡು, ಅವನ ಹೇಣ್ತಿ ದೆವ್ವ ಅಂತ ಚೀರಿದ್ಲು!”

ಅಮೀನಸಾಬ ನಕ್ಕ. ಒಳಗಿನಿಂದ ಪಕ್ಕೀರವ್ವನೂ ನಕ್ಕಳು. ಹುಚ್ಚೀರಪ್ಪನಿಗೂ ನಗು ಬಂತು, ಕಣ್ಣು ತುಂಬಿತು, ಗೆಳೆಯನ ಹೆಗಲು ಹಿಡಿದು ಅಲ್ಲಾಡಿಸಿದ. ಆಮೇಲೆ ಕೈ ಬಿಟ್ಟ.

“ಮತ್ತ ನನಗ್ಯಾಕ ಹೇಳಲಿಲ್ಲೋ?”

“ಹೆಂಗ ಹೇಳ್ಲಿ? ನನಗ ಬರಿಯಾಕ ಬರತೈತೇನು, ನಿನಗ ಓದಾಕ ಬರತೈತೇನು? ಪಿಂಟೋ ಸಾಹೇಬ್ರು ದಸರಾತನಕ ನಿನ್ನ ಜಾಗಾದಾಗ ಯಾರ್ನೂ ತಗೊಳ್ಳಲಿಲ್ಲ. ಬರ್ತಾನ ಬರ್ತಾನ ಅಂತ ಹಾದಿ ನೋಡಿದ್ರು. ಈಗ ಪಿಂಚಣಿ ಆಗಿ ಗೋವಾಕ್ಕ ಹೋಗ್ಯಾರ.”

ಆ ದಿನ ಹುಚ್ಚೀರಪ್ಪನಿಗೆ ಊಟ ಸೇರಲಿಲ್ಲ. ಮೂರು ವರ್ಷ ಯಾರ ಮೇಲೆ ಹಲ್ಲು ಕಡಿದನೋ ಅವನು ಹಾದಿ ನೋಡುತ್ತ ಕೂತಿದ್ದ. ಯಾರಿಗಾಗಿ ಎದ್ದು ಬಂದನೋ ಅವನು ಬದುಕಿದ್ದ. ಪಿಂಟೋ ಮಾಡಿದ್ದು ಸರಿ ಎನ್ನಲು ಈಗಲೂ ಮನಸ್ಸು ಒಪ್ಪದು; ತಪ್ಪು ಎಂದು ಕೂಗಲು ಕಾರಣವೂ ಉಳಿಯಲಿಲ್ಲ. ಸಿಟ್ಟು ಮಾತ್ರ ಎದೆಯಲ್ಲಿ ಹಾಗೇ ಇತ್ತು, ಇಳಿಸಲು ಜಾಗವಿಲ್ಲದ ಹೊರೆಯಂತೆ.

“ಬದುಕ್ಯಾನ ಅಂದ್ರ ಮಾರಿ ಹಿಂಗ್ಯಾಕ ಮಾಡಿಕೊಂಡೀರಿ?” ಎಂದಳು ಪಕ್ಕೀರವ್ವ.

“ಬದುಕಿದ್ದು ಛಲೋನ ಆತು. ನಾ ಯಾಕ ಬಂದ್ನಿ ಅನ್ನೋದ ತಿಳಿವಲ್ದು.”

“ನನಗ ತಿಳಿದೈತಿ. ಹೋಗಿ ನೋಡಿ ಬರ್ರಿ. ಇಲ್ಲಾಂದ್ರ ನನ್ನ ತಲಿ ತಿಂತೀರಿ.”

ಅಮೀನಸಾಬನ ಜೊತೆಗೇ ದಂಡೆಗೆ ಹೋದ. ಪಾಂಡು ಒಂದು ಕಾಲು ಎಳೆಯುತ್ತ ಬಂದು ತಬ್ಬಿಕೊಂಡ. ಡೆಸ್ಟ್ರಾಯರಿನ ಒಳಗೆ ತನಗೆ ಸಿಹಿ ಚಹಾ ಕೊಟ್ಟದ್ದು, ಇಂಜಿನಿನ ಕೋಣೆಯ ಬಿಸಿಯಲ್ಲಿ ಮಲಗಿಸಿದ್ದು, ತಗ್ಗಿನ ಬಾಗಿಲಿಗೆ ತಲೆ ಬಡಿದುಕೊಂಡದ್ದು ಎಲ್ಲ ಹೇಳಿದ. ಮೊದಲೇ ದೀಪ ಹಚ್ಚಿದ್ದರೆ ಬಂಡೆ ತಪ್ಪಿಸಿ ಬರುತ್ತಿದ್ದೆಯಾ ಎಂದು ಹುಚ್ಚೀರಪ್ಪ ಕೇಳಿಯೇ ಬಿಟ್ಟ.

ಪಾಂಡು ತಲೆ ಕೆರೆದುಕೊಂಡ. “ದೋಣಿ ಉಳೀತಿತ್ತೇನೋ, ಕಾಲೂ ಉಳೀತಿತ್ತೇನೋ. ಹೇಳೋದು ಹೆಂಗೆ? ಗಾಳಿ ಅಂಥದ್ದು ಇತ್ತು. ಮೀನು ತಿನ್ನು, ಆರಿ ಹೋಗ್ತದೆ.”

ಸಂಜೆ ದಂಡೆಯಲ್ಲಿ ನಿಂತಾಗ ಕಾಗೆಕಲ್ಲಿನ ಮೇಲೆ ದೀಪ ಮಿನುಗಿತು. ಹಳೆಯ ಬೆಳಕಿನ ತೋಳಲ್ಲ, ಚುಟುಕು ಮಿಣುಕು. ಯಾರು ಹಚ್ಚಿದರೆಂದು ಕೇಳಿದ. ಯಾರೂ ಇಲ್ಲ, ಗ್ಯಾಸಿನ ದೀಪ, ತಾನೇ ಹತ್ತಿ ತಾನೇ ಆರುತ್ತದೆ, ಈಗ ತಾನು ದಂಡೆಯಲ್ಲೇ ಇರುತ್ತೇನೆ, ತಿಂಗಳಿಗೊಮ್ಮೆ ಹೋಗಿ ಗಾಜು ಒರೆಸಿ ಬರುತ್ತೇನೆ ಎಂದ ಅಮೀನಸಾಬ. ಇನ್ನೊಬ್ಬನಿಗೆ ಕೆಲಸವಿದೆಯೇ ಎಂಬ ಮಾತು ಹುಚ್ಚೀರಪ್ಪನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಒಣಗಿತು.

ಮರುದಿನವೇ ಹೊರಟು ಬಂದ. ಅಣೆಕಟ್ಟಿನ ಕಲ್ಲು ಹೊರುವ ಕೆಲಸಕ್ಕೆ ಮತ್ತೆ ಹೋದ. ಹೆಂಡತಿಯ ಮುಂದೆ ಪಿಂಟೋನ ಹೆಸರು ಎತ್ತುವುದನ್ನು ಬಿಟ್ಟ. ಆದರೆ ಮಾತು ಮೊದಲಿಗಿಂತ ಕಡಿಮೆಯಾಯಿತು, ಮೋಡ ಕವಿದ ಸಂಜೆ ಯಾರೊಂದಿಗೂ ಕೂರುತ್ತಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ ನಮ್ಮ ದೇಶ ಸ್ವಂತಕ್ಕೆ ಡೆಸ್ಟ್ರಾಯರ್ ಹಡಗುಗಳನ್ನು ಕೊಂಡಿತೆಂಬ ಸುದ್ದಿ ಕೆಲಸದ ಜಾಗದ ಚಹಾದಂಗಡಿಗೂ ಬಂತು. ಅಷ್ಟು ದಿನ ನಕ್ಕಿದ್ದ ಟಿಪ್ಪುಸಾಬ, ಅವನ ಜೊತೆಯಲ್ಲೇ ಕಲ್ಲು ಹೊರುವವನು, ಮೊದಲ ಸಲ ಆಸೆಯಿಂದ ಕೇಳಿದ: “ಹುಚ್ಚೀರಪ್ಪಣ್ಣ, ನೀ ನೋಡೀಯಲ್ಲ, ಹೆಂಗಿರ್ತೈತಿ ಅದು? ಏನ್ ಬಣ್ಣ?”

ಹುಚ್ಚೀರಪ್ಪ ಚಹಾದ ಬಸಿ ಕೆಳಗಿಟ್ಟ. “ಕತ್ತಲಾಗ ನೋಡಿದ್ದೋ ತಮ್ಮಾ. ಬಣ್ಣ ಯಾರಿಗೆ ಗೊತ್ತು,” ಎಂದು ತಲೆಗೆ ಸಿಂಬೆ ಇಟ್ಟುಕೊಂಡು ಕಲ್ಲಿನ ರಾಶಿಯ ಕಡೆಗೆ ನಡೆದ.