ಅವಸರ, ತೊಂದರೆ ಮತ್ತು ಒಂದು ಕತ್ತರಿ ಗುರುತು

ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆಯನ್ನು ಹರಿದು ಬಿಸಾಡುವವರನ್ನು ಕಂಡರೆ ನನಗೆ ಇಂದಿಗೂ ಒಳಗೊಳಗೇ ಸಂಕಟವಾಗುತ್ತದೆ, ಗೆಳೆಯರೇ. ಅದರ ಮುಖದ ಮೇಲಿನ ತಾರೀಖುಗಳು ಸಂದುಹೋಗಿರಬಹುದು. ಬೆನ್ನಿನ ಬಿಳುಪಿಗೆ ಮಾತ್ರ ಇನ್ನೂ ಆಯುಷ್ಯ ಶುರುವೇ ಆಗಿರುವುದಿಲ್ಲ. ಕೆ.ಜಿ.ಎಫ್‌ನ ಪ್ರಯೋಗಾಲಯವೊಂದರಲ್ಲಿ ಬಂಡೆಗಳು ಬಿರಿಯುವ ಸದ್ದನ್ನು ಬಗೆಬಗೆಯಾಗಿ ವಿಂಗಡಿಸುತ್ತ ತಲೆ ನರೆಸಿಕೊಂಡ ನಾನು, ಆ ಬಿಳುಪಿನ ಮೇಲೆ ಚೌಕಗಳನ್ನೆಳೆಯುವ ಚಟವನ್ನು ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಎಡಕ್ಕೆ ವಸ್ತುಗಳ ಹೆಸರು, ಮೇಲೆ ಗುಣಗಳ ಹೆಸರು. ಯಾವ ವಸ್ತುವಿಗೆ ಯಾವ ಗುಣವುಂಟೋ ಆ ಚೌಕದಲ್ಲೊಂದು ಕತ್ತರಿ ಗುರುತು. ಸಮಾನ ಗುಣಗಳನ್ನು ಹಂಚಿಕೊಂಡ ವಸ್ತುಗಳನ್ನು ಒಂದನ್ನೂ ಬಿಡದೆ ಕೂಡಿಸಿದರೆ ಅದೊಂದು ಪರಿಕಲ್ಪನೆ. ಅಂಥ ಪರಿಕಲ್ಪನೆಗಳನ್ನು ಹಿರಿದರ ಕೆಳಗೆ ಕಿರಿದೆಂಬಂತೆ ಚುಕ್ಕಿಯಿಟ್ಟು ಗೆರೆಯಿಂದ ಬೆಸೆದರೆ ಅದೊಂದು ಜಾಲ. ರೂಪಾತ್ಮಕ ಪರಿಕಲ್ಪನಾ ವಿಶ್ಲೇಷಣೆಯೆಂಬ ಗಂಭೀರ ನಾಮಧೇಯ ಈ ಶಾಸ್ತ್ರಕ್ಕಿದೆ. ನನ್ನ ಪಾಲಿಗೆ ಅದು ಬುದ್ಧಿಯ ಅಂಗಳದಲ್ಲಿ ಹಾಕುವ ರಂಗವಲ್ಲಿ.

ಆ ರಂಗವಲ್ಲಿ ನನ್ನನ್ನು ಕ್ಯಾಸಂಬಳ್ಳಿ ಕಡೆಯ ಹಸುವಿನ ಕೊಟ್ಟಿಗೆಯವರೆಗೆ ಕರೆದೊಯ್ದೀತೆಂದು ಎಣಿಸಿರಲಿಲ್ಲ. ಅಲ್ಲಿನ ಹತ್ತಾರು ಹಳ್ಳಿಗಳಿಗೆ ಪಶುವೈದ್ಯರು ಒಬ್ಬರೇ. ಅವರ ಭಾರ ಇಳಿಸಲೆಂದು ನನ್ನ ಹಳೆಯ ಶಿಷ್ಯನೊಬ್ಬ ಕೃತಕ ಬುದ್ಧಿಯ ತಂತ್ರಾಂಶವೊಂದನ್ನು ಕಟ್ಟಿಕೊಟ್ಟಿದ್ದ. ದನ ಸಾಕುವವರು ಫೋನಿನಲ್ಲಿ ಹೇಳಿಕೊಂಡದ್ದನ್ನು ಅದು ಕೇಳಿಸಿಕೊಂಡು, ಈಗಲೇ ಹೋಗಬೇಕಾದ ಕರೆಗಳು, ನಾಳೆಗಾದರೂ ನಡೆಯುವ ಕರೆಗಳು ಎಂದು ಎರಡು ರಾಶಿ ಮಾಡಿ ವೈದ್ಯರ ಮುಂದಿಡುತ್ತಿತ್ತು. ಎಲ್ಲವೂ ಸುಗಮವಾಗಿಯೇ ಇತ್ತು, ಕೆಚ್ಚಲು ಬಾವು ಬಂದ ಹಸುವೊಂದರ ಕರೆ ನಾಳೆಯ ರಾಶಿಗೆ ಬೀಳುವವರೆಗೆ. ವೈದ್ಯರು ಬರುವಷ್ಟರಲ್ಲಿ ಆ ಹಸುವಿನ ಒಂದು ಮೊಲೆ ಬತ್ತಿಹೋಗಿತ್ತು. ಕರೆ ಬಂದದ್ದೂ ವೈದ್ಯರು ಹೋದದ್ದೂ ಹಿಂದಿನ ವಾರದ ಬುಧವಾರವೇ ಎಂದು ಎಲ್ಲರೂ ಹೇಳುತ್ತಿದ್ದರು. ತಾಳೆ ನೋಡದೆ ಯಾವ ತಾರೀಖನ್ನೂ ನಂಬದ ನಾನು ಫೋನಿನ ದಾಖಲೆಯನ್ನೂ ವೈದ್ಯರ ದಿನಚರಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ: ಕರೆ ಮಂಗಳವಾರದ್ದು. ಒಂದಿಡೀ ದಿನ ಆ ಹಸು ಕಾದಿತ್ತು. ಯಂತ್ರ ಹೀಗೇಕೆ ಮಾಡಿತೆಂದು ಶನಿವಾರದೊಳಗೆ ಯಾರಾದರೂ ಹೇಳದಿದ್ದರೆ ಅದನ್ನು ಮುಚ್ಚಿಬಿಡುವುದಾಗಿ ವೈದ್ಯರು ತೀರ್ಮಾನಿಸಿದರು. ಉದಾಹರಣೆಗಳನ್ನು ನುಂಗಿ ಬೆಳೆದ ಬುದ್ಧಿಗೆ ಉತ್ತರ ಕೊಡುವುದು ಗೊತ್ತಿತ್ತೇ ಹೊರತು ಕಾರಣ ಕೊಡುವುದು ಗೊತ್ತಿರಲಿಲ್ಲ. ಆ ಕಾರಣವನ್ನು ಹುಡುಕಲು ಕರೆಗಳನ್ನೆಲ್ಲ ನಾನು ಚೌಕಗಳಿಗೆ ಇಳಿಸಿದೆ.

ಗುರುವಾರ, ಹಳ್ಳಿಯ ಡೇರಿಯಲ್ಲಿ ಹಾಲು ಪರೀಕ್ಷಿಸುವ ಮುನಿಲಕ್ಷ್ಮಮ್ಮ ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ಆ ಹಸು ಅವರದೇ; ಕರೆ ಮಾಡಿದ್ದು ಅವರ ಅತ್ತೆ. ಕೊಟ್ಟಿಗೆಯ ಇನ್ನೊಂದು ಹಸುವಿಗೆ ದಿನ ತುಂಬಿತ್ತು, ಆದ್ದರಿಂದ ಯಂತ್ರವನ್ನು ನಂಬಬೇಕೋ ಬಿಡಬೇಕೋ ಎಂಬುದು ಅವರಿಗೆ ಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ. ಮೇಜಿನ ಮೇಲಿದ್ದ ಹಾಳೆಯನ್ನು ನೋಡಿ ಅವರು ಮರುಗಿದರು.

“ಎಲ್ಲಾ ತಪ್ಪೇ ಆಕ್ಬುಟ್ಟಿದೀರಲ್ಲ ಸಾ, ಒಂದಾದ್ರೂ ಸರಿ ಇಲ್ವಾ?”

ಶಾಲೆಯ ಮೇಷ್ಟರು ‘ತಪ್ಪು’ ಎನ್ನಲು ಹಾಕುವ ಗುರುತೇ ನಮ್ಮಲ್ಲಿ ‘ಇದೆ’ ಎನ್ನುವ ಗುರುತೆಂದು ನಗುತ್ತ ವಿವರಿಸಿದೆ. ಈ ಶಾಸ್ತ್ರದಲ್ಲಿ ಒಂದು ವಿನಯವುಂಟು: ಪಟ್ಟಿಯಿಂದ ನಿಯಮವೊಂದನ್ನು ಹೆಕ್ಕಿ ತೆಗೆದು, ಬಲ್ಲವರ ಮುಂದಿಟ್ಟು, ಹೌದೆನ್ನಿ, ಇಲ್ಲವೇ ಅದನ್ನು ಮುರಿಯುವ ಒಂದೇ ಒಂದು ನಿದರ್ಶನ ಕೊಡಿ ಎಂದು ಅದು ಕೇಳುತ್ತದೆ. ‘ಅವಸರ’ ಎಂಬ ಪದವುಳ್ಳ ಕರೆಗಳೆಲ್ಲ ತುರ್ತಿನವು, ‘ತೊಂದರೆ’ ಮಾತ್ರವಿದ್ದರೆ ಕಾಯಬಹುದು ಎಂದು ಯಂತ್ರ ಪಾಲಿಸುತ್ತಿದ್ದ ನಿಯಮಕ್ಕೆ, ಬಲ್ಲವನು ನಾನೇ ಎಂದುಕೊಂಡು, ಹಿಂದಿನ ದಿನವೇ ಶಾಯಿಯಲ್ಲಿ ‘ಹೌದು’ ಎಂದು ಬರೆದಿದ್ದೆ. ಉಪಚಾರಕ್ಕೆಂಬಂತೆ ಅದನ್ನು ಓದಿ ಹೇಳಿದೆ. ಮುನಿಲಕ್ಷ್ಮಮ್ಮ ಆ ಎರಡು ಪದಗಳ ಮೇಲೆ ಬೆರಳಿಟ್ಟರು.

“ನಮ್ಮತ್ತೆ ಆಂದ್ರದ ಕಡೆಯೋರು ಸಾ. ‘ಡಾಕ್ಟರ್ನಿ ತೊಂದರಗಾ ರಮ್ಮನು’ ಅಂದವ್ರೆ. ತೊಂದರ ಅಂದ್ರೆ ಅವ್ರಿಗೆ ಬಿರ್ನೆ ಅಂತ. ಅವಸರಂ ಅಂದ್ರೆ ಬೇಕು ಅಂತ, ಅಷ್ಟೇಯ. ನಿಮ್ ಮಿಸನ್ನು ಎರಡನ್ನೂ ಉಲ್ಟಾ ಇಡ್ಕೊಂಡದೆ.”

ಬೇಗ ಬರಹೇಳು ಎಂದು ಆ ತಾಯಿ ಬೇಡಿಕೊಂಡದ್ದು ಯಂತ್ರಕ್ಕೆ ಏನೋ ಸಣ್ಣ ತೊಂದರೆಯಂತೆ ಎಂದು ಕೇಳಿಸಿತ್ತು. ಜಂತಿನ ಮಾತ್ರೆ ಬೇಕೆಂದು ‘ಅವಸರಂ’ ಎಂದವರ ಮನೆಗೆ ವೈದ್ಯರನ್ನು ಓಡಿಸಿತ್ತು. ಗಡಿ ದಾಟಿ ಸೊಸೆಯಾಗಿ ಬಂದವರ ಸೆರಗಿನಲ್ಲಿ ತವರಿನ ಅರ್ಥಗಳೂ ಗಂಟುಬಿದ್ದು ಬಂದಿರುತ್ತವೆಂಬುದು, ಮೂರು ಭಾಷೆಗಳ ಈ ಊರಿನಲ್ಲಿ ಜೀವಮಾನ ಕಳೆದ ನನಗೆ ಹೊಳೆಯದೆ ಹೋಗಿತ್ತು. ಬಂಡೆಯ ಬಿರುಕನ್ನು ಸದ್ದಿನಲ್ಲೇ ಗುರುತಿಸಬಲ್ಲೆನೆಂದು ಬೀಗಿದ್ದ ಕಿವಿ ಇದು! ಲೇಖನಿಯನ್ನು ಅವರ ಕೈಗೆ ಕೊಟ್ಟೆ. ನನ್ನ ‘ಹೌದು’ ಎಂಬುದರ ಮೇಲೆ ಅವರು ಒತ್ತಿ ಒಂದು ಕತ್ತರಿ ಗುರುತು ಹಾಕಿದರು, ಮೇಷ್ಟರ ಅರ್ಥದಲ್ಲಿ.

ಪಟ್ಟಿಗೆ ‘ಮನೆಮಾತು ತೆಲುಗು’ ಎಂಬ ಹೊಸದೊಂದು ಗುಣವನ್ನು ಸೇರಿಸಿದ್ದೇ ತಡ, ಜಾಲದಲ್ಲಿ ಗೋಜಲಾಗಿ ಕೂತಿದ್ದ ಚುಕ್ಕಿಯೊಂದು ಎರಡಾಗಿ ಒಡೆದು, ಕರೆಗಳೆಲ್ಲ ತಂತಮ್ಮ ಮನೆಗೆ ತೆರಳಿದವು. ಯಂತ್ರಕ್ಕೆ ಆ ಭೇದವನ್ನು ಕಲಿಸಲು ಶಿಷ್ಯನಿಗೆ ಶುಕ್ರವಾರವೊಂದೇ ಸಾಕಾಯಿತು. ಶನಿವಾರ ಬೆಳಗ್ಗೆ, ವೈದ್ಯರು ಕೊಟ್ಟ ಗಡುವಿನ ದಿನವೇ, ಎರಡನೆಯ ಹಸುವಿಗೆ ನೋವು ಶುರುವಾಗಿ, ಕರುವಿನ ಕಾಲು ಅಡ್ಡ ಸಿಕ್ಕಿಕೊಂಡಿತು. ಅತ್ತೆ ಮತ್ತೆ ಫೋನೆತ್ತಿ ಅದೇ ‘ತೊಂದರಗಾ’ ಎಂದರು. ಕರೆ ಈ ಸಲ ತುರ್ತು ರಾಶಿಯ ನೆತ್ತಿಯ ಮೇಲಿತ್ತು. ಹೊತ್ತೇರುವ ಮೊದಲೇ ಮುನಿಲಕ್ಷ್ಮಮ್ಮನ ಫೋನು ಬಂತು.

“ಎಣ್ ಕರ ಸಾ. ಆಗ್ಲೇ ಎದ್ದು ನಿಂತ್ಕಂಡದೆ. ಡಾಕ್ಟ್ರು ಮಿಸನ್ನು ಇರ್ಲಿ ಅಂದ್ರು. ನಮ್ಮತ್ತೆ ಕೇಳ್ತಾವ್ರೆ, ಅದುಕ್ಕೆ ತೆಲುಗು ಕಲ್ಸಿದ್ಯಾರು ಅಂತ.”

ನೀವೇ ಎಂದೆ. ಜೀವಮಾನದಲ್ಲಿ ನಾನು ಕೊಟ್ಟ ಉತ್ತರಗಳಲ್ಲಿ ಇಷ್ಟು ನಿಖರವಾದದ್ದು ಇನ್ನೊಂದಿಲ್ಲ.

ಆ ಹಾಳೆಯೀಗ ನಮ್ಮ ಪಡಸಾಲೆಯಲ್ಲಿ, ಈ ತಿಂಗಳ ಕ್ಯಾಲೆಂಡರಿನ ಮೊಳೆಗೇ, ಅದರ ಮೇಲೆಯೇ ಬೆನ್ನು ತೋರಿಸಿ ತೂಗುತ್ತಿದೆ. ಅದರ ತುಂಬ ಇರುವ ನನ್ನ ಗುರುತುಗಳೆಲ್ಲ ‘ಇದೆ’ ಎನ್ನುತ್ತವೆ. ಅವರದೊಂದು ಮಾತ್ರ ‘ತಪ್ಪು’ ಎನ್ನುತ್ತದೆ, ಅದರಿಂದಲೇ ಉಳಿದವೆಲ್ಲ ಸರಿಯಾಗಿ ನಿಂತಿವೆ. ತಾರೀಖನ್ನು ತಾಳೆ ನೋಡುವ ನನ್ನ ಚಟ ಹೋಗಿಲ್ಲ. ಆದರೆ ಈಗ ಪ್ರತಿಸಲವೂ ಆ ಗುರುತಿರುವ ಹಾಳೆಯನ್ನು ಮೊದಲು ಕೈಯಿಂದ ಎತ್ತಿ, ಆಮೇಲಷ್ಟೇ ದಿನ ಯಾವುದೆಂದು ನೋಡುತ್ತೇನೆ.