ಸೊಂಟದ ಹೊಲಿಗೆ

ಇವತ್ತು ಬೆಳಿಗ್ಗೆ ಚಿಂದಿಬಟ್ಟೆಯ ಗಂಟು ಬಿಚ್ಚಿದಾಗ ಶಾಲೆಯ ಸ್ಕರ್ಟಿನ ಒಂದು ನೀಲಿ ತುಂಡು ಕೈಗೆ ಬಂತು. ಅದನ್ನು ನೋಡಿದ್ದೇ ದೀಪಾ ನೆನಪಾದಳು, ಗಂಟು ಹಾಗೇ ಉಳಿಯಿತು.

ನಾನು ದೊಡ್ಡ ದರ್ಜಿ ಎಂದು ತಿಳಿಯಬೇಡಿ. ಉಡುಪಿ ಕಡೆಯಿಂದ ಮದುವೆಯಾಗಿ ಈ ಪರರಾಜ್ಯದ ತುರ್ಭೆಗೆ ಬಂದ ಮೇಲೆ ಬೇಜಾರು ಕಳೆಯಲು ಮಿಷನ್ ತುಳಿಯಲು ಕಲಿತವಳು. ನಾನು ಹೊಲಿದ ಬ್ಲೌಸ್ ತೊಟ್ಟವರು ಮದುವೆಮನೆಯಲ್ಲಿ ಉಸಿರು ಬಿಗಿಹಿಡಿದೇ ಇರಬೇಕು. ಆದರೆ ಯೂನಿಫಾರ್ಮ್ ವಿಷಯದಲ್ಲಿ ನಮ್ಮ ಸಾಲುಮನೆಗಳ ಚಾಳಿಗೆಲ್ಲ ನನ್ನದೇ ಕಾರುಬಾರು. ಬೆಳೆಯುವ ಮಕ್ಕಳಿಗೆ ಅಂಚಿನಲ್ಲೂ ಸೊಂಟದಲ್ಲೂ ಹೆಚ್ಚು ಬಟ್ಟೆ ಒಳಗೆ ಮಡಚಿ ಹೊಲಿದು, ಆಮೇಲೆ ಬಿಡಿಸುತ್ತಾ ಹೋಗುತ್ತೇವೆ. ಒಂದೇ ಸ್ಕರ್ಟಿನಲ್ಲಿ ಎರಡು ಮೂರು ತರಗತಿ ದಾಟಿಬಿಡುತ್ತವೆ.

ದೀಪಾಳ ಸ್ಕರ್ಟ್ ಮಾತ್ರ ಅಂಚು ಬಿಡಿಸಲು ಬರುತ್ತಿರಲಿಲ್ಲ. ಬಂದಾಗಲೆಲ್ಲ ಸೊಂಟಕ್ಕೇ. ಹದಿನೈದರ ಹುಡುಗಿ, ಕೈಕಾಲು ಸಪೂರ, ಮುಖ ಸಣ್ಣದು. ದಪ್ಪ ಎಂದರೆ ಯಾರೂ ನಂಬುವಂತಿರಲಿಲ್ಲ. ಹೊಟ್ಟೆಯ ಸುತ್ತ ಮಾತ್ರ ಬೊಜ್ಜು ಕೂತಿತ್ತು. ಅವಳ ತಾಯಿ ಸರೋಜ ನಮ್ಮ ಪಕ್ಕದ ಮನೆಯವಳು, ಊರಿನವರೊಬ್ಬರ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಗಂಡ ಅಲ್ಲೇ ವಡೆ ಕರಿಯುತ್ತಿದ್ದ. ನಲವತ್ತು ತುಂಬುವ ಮೊದಲೇ ಒಂದು ದಿನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಸಂಜೆ ಉಳಿದದ್ದನ್ನು ಕೆಲಸದವರಿಗೆ ಕಟ್ಟಿಕೊಡುವುದು ನಮ್ಮ ಹೋಟೆಲಿನವರ ಹಳೆಯ ರೂಢಿ, ಒಳ್ಳೆಯ ಮನಸ್ಸಿನದೇ. ಇಡ್ಲಿ ಬೆಳಿಗ್ಗೆಯೇ ಖಾಲಿಯಾಗಿರುತ್ತದೆ; ಉಳಿಯುವುದು ವಡೆ, ಬಜ್ಜಿ, ಬಾಳೆಹಣ್ಣು ಹಾಕಿ ಕರಿದ ಬನ್ಸ್. ತಾಯಿ ಮಗಳ ಊಟ ಅದೇ. ತರಕಾರಿ ತಂದು ನಿಂತು ಬೇಯಿಸುವಷ್ಟು ದುಡ್ಡೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಮಗಳು ಹೊಟ್ಟೆ ತುಂಬ ತಿನ್ನುತ್ತಾಳೆ ಎಂಬುದೇ ಸರೋಜಳ ಹೆಮ್ಮೆ.

ಒಂದು ಸಲ ನಾನು ಬಾಯಿ ಬಿಟ್ಟೆ. "ಇದ್ರಲ್ಲಿ ಇನ್ನು ಬಿಡಿಸ್ಲಿಕ್ಕೆ ಬಟ್ಟೆ ಇಲ್ಲ ಮಾರಾಯ್ತಿ. ಹುಡುಗಿಯನ್ನೊಮ್ಮೆ ಡಾಕ್ಟರಿಗೆ ತೋರ್ಸು. ಅವಳ ಅಪ್ಪನಿಗೂ ಹೀಗೆ ಹೊಟ್ಟೆ ಮಾತ್ರ ಇತ್ತಲ್ಲ."

ಸರೋಜ ಸ್ಕರ್ಟ್ ಕಿತ್ತುಕೊಂಡಳು. "ಎಂತ ಅಕ್ಕ, ನನ್ನ ಮಗಳು ತಿನ್ನುದು ನಿಮ್ಮ ಕಣ್ಣಿಗೆ ಬಿತ್ತಾ?"

ಆ ಸಂಜೆಯೇ ಉಪ್ಪು ಮೆಣಸು ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂದು ನಮ್ಮವರ ನಂಬಿಕೆ. ಇಡೀ ಚಾಳು ಕೆಮ್ಮಿತು, ಆ ಲೆಕ್ಕದಲ್ಲಿ ನಾನು ನಿರಪರಾಧಿ. ಆದರೂ ಸಿಟ್ಟು ಇಳಿಯಲಿಲ್ಲ. ಕೆಲವು ವಾರ ನಾವಿಬ್ಬರೂ ನಲ್ಲಿಯ ಹತ್ತಿರ ಮುಖ ತಿರುಗಿಸಿಕೊಂಡೇ ನೀರು ಹಿಡಿದೆವು.

ಆಮೇಲೆ ಶಾಲೆಗೆ ಬಂದ ಡಾಕ್ಟರಮ್ಮ ದೀಪಾಳ ಸೊಂಟ ಅಳೆದು, ಬಿ.ಪಿ. ನೋಡಿ, ತಾಯಿಯನ್ನು ದವಾಖಾನೆಗೆ ಬರಹೇಳಿದರು. ಒಬ್ಬಳೇ ಹೋಗಲು ಹೆದರಿ ಸರೋಜ ನನ್ನ ಬಾಗಿಲಿಗೆ ಬಂದಳು. ಸರಿಯಾಗಿ ಎರಡು ಮಾತು ಅನ್ನಬೇಕೆಂದಿದ್ದವಳು ಅವಳ ಮುಖ ನೋಡಿ ಸುಮ್ಮನೆ ಚಪ್ಪಲಿ ಮೆಟ್ಟಿದೆ.

ಕೈಕಾಲು ಸಪೂರ ಇದ್ದರೂ ಹೊಟ್ಟೆಯ ಬೊಜ್ಜು ಹೃದಯಕ್ಕೆ ಕೆಟ್ಟದ್ದು, ಈ ವಯಸ್ಸಿಗೆ ಇಷ್ಟು ಬಿ.ಪಿ. ಇರಬಾರದು, ತಂದೆಯೂ ಹಾಗೆ ಹೋಗಿದ್ದಾರೆ, ಈಗಲೇ ಎಚ್ಚರವಾದರೆ ಸರಿಪಡಿಸಬಹುದು ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಸರೋಜ ಎಲ್ಲದಕ್ಕೂ ತಲೆಯಾಡಿಸಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವಳು ನನಗೆ ಮಾತ್ರ ಕೇಳುವಂತೆ ಹೇಳಿದಳು: "ದೀಪಾಳ ಅಪ್ಪ ಎದೆ ಉರಿ ಅಂತ ಹೇಳಿದಾಗ್ಲೂ ನಾನು ದೃಷ್ಟಿಯೇ ತೆಗ್ದದ್ದು ಅಕ್ಕ. ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿಲ್ಲ."

ನನಗೆ ಅಳು ಬಂತು. ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತೆ.

ಮರುದಿನ ಅವಳು ಹೋಟೆಲಿನಲ್ಲಿ, ಕರಿದದ್ದು ಬೇಡ, ಹೆಚ್ಚಿಟ್ಟ ಬೀನ್ಸ್, ಕೋಸು ಉಳಿದರೆ ಕೊಡಿ ಎಂದು ಕೇಳಿದಳಂತೆ. ಕೊಟ್ಟದ್ದನ್ನು ಬೇಡ ಅನ್ನುವಷ್ಟು ದೊಡ್ಡವಳಾದೆಯಾ ಎಂದು ಯಜಮಾನರು ಮುನಿಸಿಕೊಂಡರು, ವಾರದ ನಂತರ ಕೊಟ್ಟರು. ದೀಪಾ ಮೊದಮೊದಲು ವಡೆಗಾಗಿ ಅತ್ತಳು, ಕೋಸಿನ ಪಲ್ಯವನ್ನು ಬಾಯಿಗೆ ಬಂದಂತೆ ಬೈದಳು, ಕ್ರಮೇಣ ತಿಂದಳು. ಸಂಜೆ ಚಾಳಿನ ಅಂಗಳದಲ್ಲಿ ಹಗ್ಗ ಜಿಗಿಯಲು ಶುರುಮಾಡಿದಳು.

ಈಗ ಅವಳು ಕಾಲೇಜು. ಬಿ.ಪಿ. ಇಳಿದಿದೆ, ಪೂರ್ತಿ ಅಲ್ಲ, ಆಗಾಗ ತೋರಿಸುತ್ತಿರಬೇಕು. ಇವತ್ತು ಸಂಜೆ ಕುರ್ತಾದ ತೋಳು ಸರಿಮಾಡಿಸಿಕೊಳ್ಳಲು ಬಂದಿದ್ದಳು. ದವಾಖಾನೆಗೆ ಹೋಗುವಾಗ ಹೆದರಿಕೆ ಆಗುದಿಲ್ವಾ ಎಂದು ಕೇಳಿದೆ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲೇ.

"ಡರ್ ತೋ ಲಗ್ತಾ ಹೈ ಆಂಟಿ," ಎಂದಳು. ಹೆದರಿಕೆ ಇದೆ, ಆದರೆ ಪಪ್ಪನಿಗೆ ಯಾರೂ ಹೇಳಲಿಲ್ಲ, ನನಗೆ ಹೇಳಿದರಲ್ಲ ಎಂದಳು.

ಮಗಳನ್ನು ಕರೆಯಲು ಬಂದ ಸರೋಜ ಹೊಸ್ತಿಲ ಆಚೆ ನಿಂತು ಅದನ್ನು ಕೇಳಿಸಿಕೊಂಡಳು. ಒಳಗೆ ಬರಲಿಲ್ಲ. ನಾನೂ ಕರೆಯಲಿಲ್ಲ.