ಪಶ್ಚಿಮಕ್ಕೆ ಮುಖ ಮಾಡಿ ಮಲಗಿದವರು

ಹಳೆಯ ಮಂಚ ಕೈಕೊಟ್ಟಿತೆಂದು ಕಳೆದ ಭಾನುವಾರ ಮರದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಹೊಸ ಮರ, ಆಗಷ್ಟೇ ಬಳಿದ ಪಾಲಿಶ್. ಒಳಗೆ ಕಾಲಿಟ್ಟದ್ದೇ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಆಗಿಬರುವುದಿಲ್ಲ. ತಲೆನೋವು ಬರುತ್ತದೆ ಎಂದು ಮನೆಯವರಿಗೆ ಹೇಳಿಟ್ಟಿದ್ದೇನೆ. ನಿಜವಾದ ಕಾರಣ ಮಾರ್ತಾ ಟೀಚರು. ನಿಮಗೆ ಬಿಡುವಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುವವಳೇ ನಾನು.

ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಟೀಚರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಗಂಡ ಸಾಮುವೇಲ್ ಅಂಕಲ್ಲಿಗೆ ಒಂದು ಕಿವಿ ಕೇಳುತ್ತಲೇ ಇರಲಿಲ್ಲ, ಇನ್ನೊಂದು ಅವರಿಗೆ ಬೇಕಾದಾಗ ಮಾತ್ರ ಕೇಳುತ್ತಿತ್ತು. ಮಕ್ಕಳಿರಲಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಟೀಚರು ಗೋಡೆಯಾಚೆಯಿಂದ ನನಗೆ ಎರಡನೇ ಬರೋಣದ ವಿಷಯ ಹೇಳುತ್ತಿದ್ದರು. ಯೇಸುಸ್ವಾಮಿ ಮತ್ತೆ ಬರುತ್ತಾನೆ, ಪೂರ್ವದಿಂದ ಬರುತ್ತಾನೆ, ತುತ್ತೂರಿಯ ಸದ್ದಿಗೆ ಮಣ್ಣಿನಲ್ಲಿ ಮಲಗಿದವರೆಲ್ಲ ಎದ್ದು ನಿಲ್ಲುತ್ತಾರೆ. ನಾಳೆ ನಲ್ಲಿಯಲ್ಲಿ ನೀರು ಬರುತ್ತದೆ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು. ನಮ್ಮ ನಲ್ಲಿಯ ಮೇಲೆ ಅವರಿಗೆ ಅಷ್ಟು ಭರವಸೆ ಇರಲಿಲ್ಲ ಎನ್ನುವುದು ಬೇರೆ ಮಾತು. ಅದಕ್ಕೇ ಅವರಲ್ಲಿ ಹೂಳುವಾಗ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಎದ್ದರೆ ಮುಖ ಬರುವವನ ಕಡೆಗೇ ಇರಬೇಕು.

ನಮ್ಮದು ಲಿಂಗಾಯತರ ಮನೆ. ನಾವೂ ಹೂಳುವವರೇ, ಆದರೆ ಕೂರಿಸಿ. "ನಿಮ್ಮೋರು ಕುಂತೇ ಇರ್ತಾರೆ ಬಿಡವ್ವ, ಕರೆದ್ರೆ ಎದ್ದು ನಿಂತ್ರಾತು" ಎಂದು ಟೀಚರು ಒಮ್ಮೆ ತಮಾಷೆ ಮಾಡಿದ್ದರು. ಅಂದಿನಿಂದ ನಮ್ಮ ಹಳ್ಳಿ ಬಾತಿಯಲ್ಲಿ ಹೊಲದ ಬದಿಯ ತಾತನ ಸಮಾಧಿಯ ಮುಂದೆ ಹಾಯುವಾಗೆಲ್ಲ, ಒಳಗೆ ಕತ್ತಲಲ್ಲಿ ತಾತ ಬೆನ್ನು ನೆಟ್ಟಗೆ ಮಾಡಿ ಕೂತು ನನ್ನ ಹೆಜ್ಜೆಯ ಸದ್ದಿಗೆ ಕಿವಿಗೊಟ್ಟಂತೆ ಅನ್ನಿಸುತ್ತಿತ್ತು. ನಾನು ಬೇಗ ಬೇಗ ನಡೆಯುತ್ತಿದ್ದೆ.

ಅಂಕಲ್ ಒಂದು ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ಪೆಟ್ಟಿಗೆ ಬಂದಾಗ ಪಾಲಿಶ್ ಇನ್ನೂ ಒಣಗಿರಲಿಲ್ಲ. ಎರಡೂ ತುದಿ ಒಂದೇ ಅಗಲದ ಸಾದಾ ಪೆಟ್ಟಿಗೆ. ತಲೆಯ ಕಡೆ ಯಾವುದೆಂದು ತಿಳಿಯಲು ಮುಚ್ಚಳದ ಒಂದು ತುದಿಗೆ ಬಿಳಿ ಶಿಲುಬೆ ಬರೆದಿದ್ದರು. ಪೆಟ್ಟಿಗೆಯ ಸುತ್ತ ನಿಂತು ಫೋಟೋ ತೆಗೆಸಿಕೊಳ್ಳುವುದು ಅವರ ರೂಢಿ, ಮುಚ್ಚಳ ತೆರೆದು ಒಂದು, ಮುಚ್ಚಿ ಒಂದು. ಆಮೇಲೆ ಟೆಂಪೋದಲ್ಲಿ ಹರಿಹರಕ್ಕೆ ಒಯ್ದು, ಅವರ ಹಿರಿಯರೆಲ್ಲ ಇರುವ ಸ್ಮಶಾನದಲ್ಲಿ, ಶಿಲುಬೆಯ ತುದಿಯನ್ನು ಪಶ್ಚಿಮಕ್ಕಿಟ್ಟು ಮಣ್ಣು ಕೊಟ್ಟರು. ಟೀಚರು ಗಂಡ ಸತ್ತರು ಎಂದು ಒಮ್ಮೆಯೂ ಅನ್ನಲಿಲ್ಲ, ಮಲಗಿದ್ದಾರೆ ಎನ್ನುತ್ತಿದ್ದರು. ಹಾಗೆಂದಾಗೆಲ್ಲ ನನ್ನ ಕಣ್ಣು ಅಂಕಲ್ ಮಲಗುತ್ತಿದ್ದ ಕೋಣೆಯ ಕಿಟಕಿಯ ಕಡೆ ಹೋಗುತ್ತಿತ್ತು.

ಫೋಟೋಗಳು ಕೈಗೆ ಬಂದ ದಿನ ಟೀಚರು ಎರಡನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಇಟ್ಟು ನನ್ನನ್ನು ಕರೆದರು. ಮೊದಲನೆಯದರಲ್ಲಿ ಅಂಕಲ್ ತಲೆ ಬೀರುವಿನ ಕಡೆಗಿದೆ. ಎರಡನೆಯದರಲ್ಲಿ ಪೆಟ್ಟಿಗೆ ಇದ್ದಲ್ಲೇ ಇದೆ, ಶಿಲುಬೆ ಮಾತ್ರ ಬಾಗಿಲ ಕಡೆಗಿದೆ. ಗಡಿಬಿಡಿಯಲ್ಲಿ ಯಾರೋ ಮುಚ್ಚಳವನ್ನು ಹಿಂದುಮುಂದಾಗಿ ಹಾಕಿದ್ದರು. ತಲೆ ಎಂದುಕೊಂಡು ಪಶ್ಚಿಮಕ್ಕೆ ಇಟ್ಟದ್ದು ಕಾಲನ್ನು. ಆ ಸ್ಮಶಾನದಲ್ಲಿ ಎದ್ದರೆ ಸ್ವಾಮಿಗೆ ಬೆನ್ನು ತೋರಿಸುವವರು ಅಂಕಲ್ ಒಬ್ಬರೇ.

ನಾನು ಇನ್ನೇನು ನಗುವುದರಲ್ಲಿದ್ದೆ. ಟೀಚರ ಮುಖ ನೋಡಿ ಮತ್ತೆ ಫೋಟೋಗಳ ಮೇಲೆ ಬಗ್ಗಿದೆ. "ಆತ ಬಂದು ಹಿಂದೆ ನಿಂತ್ರೂ ಇವ್ರಿಗೆ ಗೊತ್ತಾಗಲ್ಲ ಯವ್ವ. ತುತ್ತೂರಿ ಮೊದ್ಲೇ ಕೇಳ್ಸಲ್ಲ" ಎಂದರು.

ಪಾಸ್ಟರು ಸಮಾಧಾನ ಹೇಳಿದರು, ದೇವರಿಗೆ ಹಿಂದೆ ಮುಂದೆ ಎನ್ನುವುದಿಲ್ಲ ಎಂದರು. ಮತ್ತೆ ಅಗೆಯುವ ಮಾತು ಮಾತ್ರ ಬೇಡ ಎಂದರು. ಟೀಚರು ತಲೆಯಾಡಿಸಿ ಬಂದರು, ನಿದ್ದೆ ಬಿಟ್ಟರು. ಕಣ್ಣು ಹತ್ತಿದರೆ ಅದೇ ಕನಸು. ಇಡೀ ಸ್ಮಶಾನ ಎದ್ದು ಬೆಳಕಿನ ಕಡೆ ಸದ್ದಿಲ್ಲದೆ ಹೊರಟಿದೆ. ಒಬ್ಬರು ಮಾತ್ರ ಬೆನ್ನು ಹಾಕಿ ತುಂಗಭದ್ರೆಯ ಕಡೆ ನಡೆಯುತ್ತಿದ್ದಾರೆ. ಕೂಗಿದರೆ ತಿರುಗುವುದಿಲ್ಲ. ನೀರು ಮೊಳಕಾಲಿಗೆ ಬರುತ್ತದೆ, ಸೊಂಟಕ್ಕೆ ಬರುತ್ತದೆ. ಬೆಳಿಗ್ಗೆ ಎದ್ದು ಅಂಗಳದಲ್ಲಿ ಒದ್ದೆ ಹೆಜ್ಜೆ ಇದೆಯೇ ಎಂದು ಹುಡುಕುತ್ತೇನೆ ಎಂದು ಒಮ್ಮೆ ಹೇಳಿದರು. ಅವರು ಒಳಗೆ ಹೋದ ಮೇಲೆ ನಮ್ಮ ಅಂಗಳದಲ್ಲಿ ನಾನೂ ಹುಡುಕಿದೆ.

ಈಸ್ಟರ್ ದಿನ ಅವರ ಸಭೆಯವರು ನಸುಕಿಗೇ ಸ್ಮಶಾನಕ್ಕೆ ಹೋಗಿ ಹಾಡುತ್ತಾರೆ. ಆ ವರ್ಷ ಟೀಚರನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಗೋರಿಗಳ ಮೇಲೆ ಮೇಣದಬತ್ತಿಗಳು, ಅವುಗಳ ನಡುವೆ ಮಬ್ಬಿನಲ್ಲಿ ನಿಂತ ಜನ. ಯಾರು ಮನೆಯಿಂದ ಬಂದವರು, ಯಾರು ಮೊದಲೇ ಅಲ್ಲಿದ್ದವರು ಎಂದು ಹೇಳುವಂತಿರಲಿಲ್ಲ. ಎಲ್ಲರಂತೆ ಟೀಚರೂ ಪೂರ್ವಕ್ಕೆ ಮುಖ ಮಾಡಿ, ಗಂಡನ ಗೋರಿಯ ಪಶ್ಚಿಮದ ತುದಿಯಲ್ಲಿ, ಅಂದರೆ ಅವರ ಕಾಲ ಬಳಿ ನಿಂತಿದ್ದರು. ಹಾಡುತ್ತಿದ್ದವರು ತಟ್ಟನೆ ನಿಲ್ಲಿಸಿ ನನ್ನ ಮೊಣಕೈ ಹಿಡಿದರು.

"ನನ್ನ ಇಲ್ಲೇ ಹಾಕ್ಬೇಕು. ಎಲ್ರಂಗೇ ಹಾಕ್ಲಿ, ಪೂರ್ವಕ್ಕೆ. ಅವ್ರು ಎದ್ದ್ ಕೂಡ್ಲೆ ಎದುರಿಗೆ ನಾ ಇರ್ತೀನಿ. ಕಿವಿ ಕೇಳದಿದ್ರೂ ನನ್ನ ಮುಖ ನೋಡಿದ್ರೆ ಸಾಕು, ಹಿಂದೆ ಯಾರೋ ಬಂದಾರೆ ಅಂತ ತಿಳ್ಕಂತಾರೆ."

ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ಅವರಿಗೆಂದು ಇಟ್ಟಿದ್ದ ಜಾಗ ಗಂಡನ ಪಕ್ಕದಲ್ಲಿತ್ತು. ಕಾಲ ಕಡೆ ಇದ್ದದ್ದು ಓಡಾಡುವ ದಾರಿ. ಟೀಚರು ಸಭೆಯ ಹಿರಿಯರ ಬೆನ್ನು ಹತ್ತಿ, ಅತ್ತು, ಗದರಿ, ಕೊನೆಗೂ ದಾರಿಯೇ ಆ ಜಾಗ ಬಿಟ್ಟು ಸುತ್ತಿ ಹೋಗುವಂತೆ ಮಾಡಿಸಿದರು. ಅದಾದ ಮೇಲೆ ಅವರಿಗೆ ನಿದ್ದೆ ಬಂತು. ಹೋದ ವರ್ಷ ಅವರೂ ಮಲಗಿದರು. ಮುಚ್ಚಳ ಹಾಕುವಾಗ ನಾನು ಅಲ್ಲಿರಬೇಕೆಂದು ಮೊದಲೇ ಮಾತು ತೆಗೆದುಕೊಂಡಿದ್ದರು. ಇದ್ದೆ. ಅವರ ತಲೆಯ ಬಳಿ ಕೈಯಿಟ್ಟುಕೊಂಡು, ಶಿಲುಬೆ ನನ್ನ ಕೈಯ ಕಡೆಗೇ ಬರುವವರೆಗೂ ಕದಲಲಿಲ್ಲ.

ಕಳೆದ ಭಾನುವಾರ ಅಂಗಡಿಯಿಂದ ಮಂಚ ಕೊಳ್ಳದೆ ಹೊರಬಂದವಳು ಮನೆಗೆ ಹೋಗದೆ ಹರಿಹರದ ದಾರಿ ಹಿಡಿದೆ. ಮಟಮಟ ಮಧ್ಯಾಹ್ನ, ಸ್ಮಶಾನದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡು ಗೋರಿಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿ ನಿಂತೆ. ಗಾಳಿ ಇರಲಿಲ್ಲ, ಆದರೂ ಬೆವೆತ ಬೆನ್ನು ತಣ್ಣಗಾಯಿತು. ನನ್ನ ಹಿಂದೆ ಒಬ್ಬರು, ಮುಂದೆ ಒಬ್ಬರು, ನನ್ನಿಂದಾಚೆ ನೋಡಲು ಕತ್ತು ಹೊರಳಿಸುತ್ತಿದ್ದಾರೆ ಅನ್ನಿಸಿತು. ಸತ್ತ ಮೇಲೆ ಏನೂ ಇಲ್ಲ ಎಂದು ಮನೆಯಲ್ಲಿ ದೊಡ್ಡ ಗಂಟಲಲ್ಲಿ ವಾದ ಮಾಡುವವಳು ನಾನು.

"ಅಡ್ಡ ನಿಂತಿದ್ದೆ, ತಡೀರಿ" ಎಂದು ಮೆಲ್ಲಗೆ ಹೇಳಿ, ಪಕ್ಕಕ್ಕೆ ಸರಿದೆ.